ಜಾಲತಾಣ ಮೇಲೇರಿಸಲು ಎರಡು ರಾತ್ರಿ ಸಾಲಲಿಲ್ಲ, ಅಪ್‌ಲೋಡ್ ಶೇ. 61ರಲ್ಲಿ ಕೈಕೊಟ್ಟಿದೆ

ಲೋಲಕ (ಸೋಮವಾರ, ರಾತ್ರಿ 11:40)

ಹಳೆಯ ಗೋಡೆ ಗಡಿಯಾರಗಳನ್ನೂ ಕೈಗಡಿಯಾರಗಳನ್ನೂ ಬಿಚ್ಚಿ ಜೋಡಿಸುವುದು ನನ್ನ ಹವ್ಯಾಸ. ಹನ್ನೆರಡು ವರ್ಷಗಳ ಟಿಪ್ಪಣಿ, ಚಿತ್ರಗಳನ್ನೆಲ್ಲ ಸೇರಿಸಿ ಒಂದು ಜಾಲತಾಣ ಕಟ್ಟಿದ್ದೇನೆ. ನನ್ನ ಕಂಪ್ಯೂಟರಿನಲ್ಲಿ ಸೊಗಸಾಗಿ ತೆರೆದುಕೊಳ್ಳುತ್ತದೆ. ಅದನ್ನು ಸರ್ವರಿಗೆ ಏರಿಸುವುದಷ್ಟೇ ಬಾಕಿ. ಆ ‘ಅಷ್ಟೇ’ ನನ್ನನ್ನು ಎರಡು ರಾತ್ರಿ ಜಾಗರಣೆ ಕೂರಿಸಿದೆ.

ಫೋಲ್ಡರಿನ ಗಾತ್ರ 1.9 ಜಿಬಿ, ಅದರೊಳಗೆ 9,400 ಕಡತಗಳು. ವೇಗ ಅಳೆದು ನೋಡಿದರೆ ಡೌನ್‌ಲೋಡ್ 20 ಮೆಗಾಬಿಟ್, ಅಪ್‌ಲೋಡ್ 0.8. ಎಲ್ಲವನ್ನೂ ಸರ್ವರಿಗೆ ಕಡತ ಕಳಿಸುವ ಎಫ್‌ಟಿಪಿ ತಂತ್ರಾಂಶಕ್ಕೆ ಎಳೆದು ಹಾಕಿ ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಶೇ. 61ರಲ್ಲಿ ಸಂಪರ್ಕ ಕಡಿದಿತ್ತು. ಮತ್ತೆ ಹಚ್ಚಿದರೆ ಮೊದಲಿನಿಂದ ಕಳಿಸತೊಡಗಿತು. ಎರಡನೆಯ ರಾತ್ರಿ ಶೇ. 40 ಕೂಡ ದಾಟಲಿಲ್ಲ. ಕೂದಲಿಗಿಂತ ತೆಳ್ಳನೆಯ ಸ್ಪ್ರಿಂಗನ್ನು ಗಂಟೆಗಟ್ಟಲೆ ನೇರಮಾಡುವ ತಾಳ್ಮೆ ನನಗಿದೆ. ಈ ಹಸಿರು ಪಟ್ಟಿ ತೆವಳುವುದನ್ನು ನೋಡುವ ತಾಳ್ಮೆ ಇಲ್ಲ. 20 ಮೆಗಾಬಿಟ್ ಇದ್ದೂ ಹೀಗೇಕೆ?

ಬೇಸರದ ಬೆಕ್ಕು (ಸೋಮವಾರ, ರಾತ್ರಿ 11:52)

ಇದಕ್ಕಿಂತ ವೇಗದ ಸಂಪರ್ಕ ಹಾಕಿಸಿಕೊಳ್ಳಿ. ಮುಗಿಯಿತಲ್ಲ.

ಲೋಲಕ (ಸೋಮವಾರ, ರಾತ್ರಿ 11:55)

ನಾನಿರುವಲ್ಲಿಗೆ ಬರುವುದು ಇದೊಂದೇ ತಂತಿ. ಬೇರೆ ಇದ್ದಿದ್ದರೆ ಇಷ್ಟು ಹೊತ್ತಿನಲ್ಲಿ ನಿದ್ದೆ ಮಾಡುತ್ತಿದ್ದೆ.

ತಂತಿಪಾಲಕ (ಮಂಗಳವಾರ, ಬೆಳಿಗ್ಗೆ 6:30)

ಲೋಲಕರೇ, ನಿಮ್ಮ ಕೆಲಸಕ್ಕೆ ಆ 20 ಸಂಬಂಧವೇ ಇಲ್ಲದ ಅಂಕಿ. ಅದು ನಿಮ್ಮ ಕಡೆಗೆ ಬರುವ ವೇಗ. ನೀವು ಕಳಿಸುವವರು, ನಿಮ್ಮ ಪಾಲಿಗೆ ಇರುವುದು 0.8. ಮನೆಗಳಿಗೆ ಕೊಡುವ ಅನೇಕ ಸಂಪರ್ಕಗಳು ಹೀಗೆಯೇ ಓರೆ. ದೂರವಾಣಿ ತಂತಿಯಲ್ಲಿ ಬರುವ ಎಡಿಎಸ್‌ಎಲ್ ಸಂಪರ್ಕದ ಹೆಸರಿನ ಮೊದಲ ಅಕ್ಷರವೇ ‘ಅಸಮ’ ಎಂದು ಹೇಳುತ್ತದೆ. ಜನ ನೋಡುವುದು ಹೆಚ್ಚು, ಕಳಿಸುವುದು ಕಡಿಮೆ ಎಂಬ ಲೆಕ್ಕದಲ್ಲಿ ತಂತಿಯ ಸಾಮರ್ಥ್ಯವನ್ನು ಹಂಚಿಟ್ಟಿರುತ್ತಾರೆ.

ಇನ್ನೊಂದು ಗೊಂದಲವನ್ನೂ ಇಲ್ಲಿಯೇ ಬಿಡಿಸೋಣ. ಸಂಪರ್ಕದ ವೇಗ ಬಿಟ್‌ಗಳಲ್ಲಿ, ಕಡತದ ಗಾತ್ರ ಬೈಟ್‌ಗಳಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. 0.8 ಮೆಗಾಬಿಟ್ ಎಂದರೆ ಸೆಕೆಂಡಿಗೆ 100 ಕೆಬಿ. 1.9 ಜಿಬಿಗೆ 19,000 ಸೆಕೆಂಡು, ಐದೂಕಾಲು ಗಂಟೆ. ಒಂದು ರಾತ್ರಿಯಲ್ಲಿ ಮುಗಿಯಬೇಕಿತ್ತು, ಮುಗಿದಿಲ್ಲ. ಹಾಗಾದರೆ ತಂತಿಯ ಅಗಲವೊಂದೇ ನಿಮ್ಮ ಕಷ್ಟವಲ್ಲ. 9,400 ಕಡತ ಎಂದಿರಿ. ಗಡಿಯಾರದ ತಾಣಕ್ಕೆ ಅಷ್ಟು ಕಡತಗಳು ಎಲ್ಲಿಂದ ಬಂದವು? ಒಳಗೆ ಏನೇನಿದೆ ಎಂದು ನೋಡಿ ಹೇಳಿ.

ಲೋಲಕ (ಮಂಗಳವಾರ, ಬೆಳಿಗ್ಗೆ 8:10)

ಎಣಿಸಿದೆ. ಚಿತ್ರಗಳು 640, ಒಂದೊಂದೂ ಸರಾಸರಿ 2.8 ಎಂಬಿ. ಪುಟಗಳು, ಶೈಲಿ ಕಡತಗಳು, ಅಕ್ಷರ ವಿನ್ಯಾಸಗಳು ಎಲ್ಲ ಸೇರಿ 160. ಉಳಿದ 8,600 ‘ನೋಡ್ ಮಾಡ್ಯೂಲ್ಸ್’ ಎಂಬ ಒಂದೇ ಫೋಲ್ಡರಿನಲ್ಲಿವೆ. ಚಿತ್ರಗಳನ್ನು ಸಾಲಾಗಿ ತೋರಿಸುವ ಸಾಧನವನ್ನು ಅಳವಡಿಸಿದಾಗ ತಾನಾಗಿಯೇ ಬಂದು ಕುಳಿತದ್ದು. ಅಳಿಸಿದರೆ ಏನಾಗುತ್ತದೋ ಎಂಬ ಭಯಕ್ಕೆ ಮುಟ್ಟಿಲ್ಲ.

ಚುಕ್ಕಿಗೆರೆ (ಮಂಗಳವಾರ, ಬೆಳಿಗ್ಗೆ 8:25)

ಅಯ್ಯೋ! ಅದು ಬಡಗಿಯ ಉಪಕರಣಗಳ ಪೆಟ್ಟಿಗೆ. ಕುರ್ಚಿ ಮಾಡಿ ಕೊಡುವಾಗ ಗರಗಸವನ್ನೂ ಉಳಿಯನ್ನೂ ಜೊತೆಗೆ ಕಳಿಸುತ್ತೀರಾ? ತಾಣವನ್ನು ಕಟ್ಟುವ ಆದೇಶ ಕೊಟ್ಟಾಗ ‘ಡಿಸ್ಟ್’ ಅಥವಾ ‘ಬಿಲ್ಡ್’ ಎಂಬ ಇನ್ನೊಂದು ಫೋಲ್ಡರ್ ತಯಾರಾಗಿರುತ್ತದೆ. ಓದುಗರಿಗೆ ಬೇಕಾದದ್ದು ಅದಷ್ಟೇ.

ತಂತಿಪಾಲಕ (ಮಂಗಳವಾರ, ಬೆಳಿಗ್ಗೆ 9:05)

ಕಳ್ಳ ಸಿಕ್ಕಿಬಿದ್ದ. ಆ 8,600 ಕಡತಗಳ ಒಟ್ಟು ಗಾತ್ರ ನೂರು ಎಂಬಿ ಕೂಡ ಇರಲಾರದು. ಆದರೂ ನಿಮ್ಮ ರಾತ್ರಿಯನ್ನು ತಿಂದದ್ದು ಅವೇ. ಏಕೆಂದು ಹೇಳುತ್ತೇನೆ. ಇಲ್ಲಿ ಬಹಳ ಜನ ಎಡವುತ್ತಾರೆ.

ಎಫ್‌ಟಿಪಿ ಹಳೆಯ ಕಾಲದ ಗುಮಾಸ್ತ. ಈಗಲೂ ಚಾಲ್ತಿಯಲ್ಲಿರುವ ಅದರ ಮೂಲ ನಿಯಮಾವಳಿ 1985ರದ್ದು. ಆಜ್ಞೆಗಳಿಗೆ ಒಂದು ಸಂಪರ್ಕ, ಸರಕಿಗೆ ಇನ್ನೊಂದು, ಅದೂ ಪ್ರತಿ ಕಡತಕ್ಕೆ ಹೊಸದು. ‘ಒಂದು ಬಾಗಿಲು ತೆರೆ’, ‘ತೆರೆದೆ’, ‘ಈ ಹೆಸರಿನ ಕಡತ ಬರುತ್ತಿದೆ’, ‘ಕಳಿಸು’, ‘ಮುಗಿಯಿತೇ’, ‘ಮುಗಿಯಿತು’. ಹೀಗೆ ನಾಲ್ಕೈದು ಸುತ್ತು ಮಾತುಕತೆ. ಕಡತ ಒಂದು ಕೆಬಿ ಇರಲಿ, ನೂರು ಎಂಬಿ ಇರಲಿ, ಈ ಶಾಸ್ತ್ರ ತಪ್ಪುವುದಿಲ್ಲ. ಸರ್ವರಿಗೆ ಪಿಂಗ್ ಮಾಡಿ, ಅಂದರೆ ಒಂದು ಪುಟ್ಟ ಸಂದೇಶ ಹೋಗಿ ಉತ್ತರ ಬರಲು ಎಷ್ಟು ಮಿಲಿಸೆಕೆಂಡು ಹಿಡಿಯುತ್ತದೆ ನೋಡಿ.

ಲೋಲಕ (ಮಂಗಳವಾರ, ಬೆಳಿಗ್ಗೆ 9:20)

280ರ ಆಸುಪಾಸು.

ತಂತಿಪಾಲಕ (ಮಂಗಳವಾರ, ಬೆಳಿಗ್ಗೆ 9:41)

ಒಂದು ಸುತ್ತು ಮಾತಿಗೆ 0.28 ಸೆಕೆಂಡಿನಂತೆ ಐದು ಸುತ್ತುಗಳಿಗೆ 1.4 ಸೆಕೆಂಡು. 8,600 ಕಡತಗಳಿಗೆ 12,040 ಸೆಕೆಂಡು. ಮೂರು ಗಂಟೆ ಇಪ್ಪತ್ತು ನಿಮಿಷ ಬರೀ ಕಾಯುವಿಕೆ, ತಂತಿ ಹೆಚ್ಚುಕಡಿಮೆ ಖಾಲಿ. ಸಂಪರ್ಕದ ವೇಗವನ್ನು ಹತ್ತು ಪಟ್ಟು ಮಾಡಿದರೂ ಈ ಕಾಯುವಿಕೆ ಒಂದು ನಿಮಿಷವೂ ತಗ್ಗುವುದಿಲ್ಲ. ಬೆಕ್ಕಿನವರು ಗಮನಿಸಬೇಕು.

ಇದು ಅಗಲದ ಕೊರತೆಯಲ್ಲ, ದೂರದ ತೆರಿಗೆ. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಸರ್ವರ್ 10,000 ಕಿಲೋಮೀಟರ್ ದೂರದಲ್ಲಿದ್ದರೆ ಹೋಗಿಬರಲು 100 ಮಿಲಿಸೆಕೆಂಡು ಬೇಕೇ ಬೇಕು. ಅದರ ಮೇಲೆ ಸುತ್ತುದಾರಿ, ರೂಟರುಗಳು, ನಿಮ್ಮ ತಂತಿಯ ಗುಣ. ಭೂಸ್ಥಿರ ಉಪಗ್ರಹದ ಸಂಪರ್ಕದವರ ಪಾಡು ಇನ್ನೂ ಕಷ್ಟ. ಉಪಗ್ರಹ ಇರುವುದೇ 35,786 ಕಿಲೋಮೀಟರ್ ಎತ್ತರದಲ್ಲಿ, ಒಂದು ಸುತ್ತು ಮಾತಿಗೆ ಅರ್ಧ ಸೆಕೆಂಡು ಹೋಗಿಬಿಡುತ್ತದೆ.

ಹಾಗಾಗಿ ನಿಧಾನ ಎಂದು ಗೋಳಾಡುವ ಮೊದಲು ಯಾವ ಬಗೆಯ ನಿಧಾನ ಎಂದು ಕೇಳಿಕೊಳ್ಳಬೇಕು. ಒಂದೇ ಒಂದು 20 ಎಂಬಿ ಕಡತ ಕಳಿಸಿ ನೋಡಿ. ಅದು ಸೆಕೆಂಡಿಗೆ 100 ಕೆಬಿಯಂತೆ ಹೋದರೆ ತಂತಿ ಸರಿಯಾಗಿಯೇ ಇದೆ, ತಪ್ಪು ಕಳಿಸುವ ಬಗೆಯಲ್ಲಿದೆ.

ಚುಕ್ಕಿಗೆರೆ (ಮಂಗಳವಾರ, ಬೆಳಿಗ್ಗೆ 10:15)

ಈಗ ಆ 640 ಚಿತ್ರಗಳ ವಿಷಯಕ್ಕೆ ಬನ್ನಿ. ಮೊಬೈಲಿನಲ್ಲಿ ತೆಗೆದದ್ದನ್ನು ಹಾಗೆಯೇ ಹಾಕಿದ್ದೀರಿ ಎಂದು ಕಾಣುತ್ತದೆ. 4000 ಚುಕ್ಕೆ (ಪಿಕ್ಸೆಲ್) ಅಗಲದ ಚಿತ್ರವನ್ನು ಓದುಗನ ಪರದೆ 800 ಚುಕ್ಕೆಗೆ ಕುಗ್ಗಿಸಿ ತೋರಿಸುತ್ತದೆ. ನೀವು ಕಳಿಸಲು ಒದ್ದಾಡಿ, ಅವನು ಇಳಿಸಿಕೊಳ್ಳಲು ಒದ್ದಾಡಿ, ಕೊನೆಗೆ ಬ್ರೌಸರು ಅದನ್ನು ಎಸೆಯುತ್ತದೆ. ಅಗಲವನ್ನು 1600ಕ್ಕೆ ಇಳಿಸಿ, ಜೆಪೆಗ್ ಗುಣಮಟ್ಟ 78ರಲ್ಲಿ ಉಳಿಸಿ. ಒಂದೊಂದು 180 ಕೆಬಿಯ ಸುತ್ತ ಬರುತ್ತದೆ. 640 ಚಿತ್ರಗಳೂ ಸೇರಿ ಸುಮಾರು 115 ಎಂಬಿ. ನಿಮ್ಮ ತಂತಿಯಲ್ಲೇ ಇಪ್ಪತ್ತು ನಿಮಿಷದ ಕೆಲಸ.

ಲೋಲಕ (ಮಂಗಳವಾರ, ಮಧ್ಯಾಹ್ನ 1:30)

ಇಲ್ಲಿ ನಾನು ಒಪ್ಪಲಾರೆ. ಸವೆದ ಹಲ್ಲಿನ ಚಕ್ರವನ್ನು 1600 ಚುಕ್ಕೆಗೆ ಇಳಿಸಿದರೆ ಸವೆತವೇ ಕಾಣುವುದಿಲ್ಲ. ಆ ಸವೆತ ತೋರಿಸುವುದಕ್ಕೆಂದೇ ತಾಣ ಮಾಡಿದ್ದು. ಪುಟ ಹಗುರವಾಗಿದೆ, ನೋಡಲು ಏನೂ ಇಲ್ಲ ಎಂದಾದರೆ ಯಾರಿಗೆ ಲಾಭ?

ಚುಕ್ಕಿಗೆರೆ (ಮಂಗಳವಾರ, ಮಧ್ಯಾಹ್ನ 2:05)

ನಿಮ್ಮ ಆಕ್ಷೇಪ ನ್ಯಾಯವಾದದ್ದು. ಹಾಗಾದರೆ ಕುಗ್ಗಿಸಬೇಡಿ, ಕತ್ತರಿಸಿ. ಆ ಚಿತ್ರದಲ್ಲಿ ಚಕ್ರ ಎಷ್ಟು ಜಾಗ ತುಂಬಿದೆ? ಉಳಿದದ್ದು ನಿಮ್ಮ ಮೇಜು, ದೀಪದ ನೆರಳು, ಹೆಬ್ಬೆರಳು. ಚಕ್ರದ ಭಾಗವನ್ನು ಮೂಲ ಗಾತ್ರದಲ್ಲೇ ಕತ್ತರಿಸಿಕೊಂಡರೆ ಒಂದು ಚುಕ್ಕೆಯೂ ನಷ್ಟವಿಲ್ಲದೆ 1200 ಅಗಲದಲ್ಲಿ ಸಿಗುತ್ತದೆ, ಮೊದಲಿಗಿಂತ ಚೆನ್ನಾಗಿಯೇ ಕಾಣುತ್ತದೆ. ನಿಜಕ್ಕೂ ಇಡಿಯ ಚಿತ್ರ ಸೂಕ್ಷ್ಮವಾಗಿ ಬೇಕಾದವು ಮೂವತ್ತೋ ನಲವತ್ತೋ ಇರಬಹುದು. ಅವನ್ನು 2400 ಅಗಲದಲ್ಲಿ ಇಟ್ಟುಕೊಳ್ಳಿ, ಮುಖ್ಯ ಪುಟದಿಂದ ಕೊಂಡಿ ಕೊಡಿ, ಬೇಕಾದವರು ಒತ್ತಿ ನೋಡಲಿ.

ಕುಗ್ಗಿಸಲು ಇಮೇಜ್‌ಮ್ಯಾಜಿಕ್ ಎಂಬ ಚಿತ್ರ ತಿದ್ದುವ ತಂತ್ರಾಂಶ ಬಳಸುವುದಾದರೆ ಒಂದು ಎಚ್ಚರಿಕೆ: ಅದರ ‘ಮಾಗ್ರಿಫೈ’ ಆದೇಶ ಮೂಲ ಕಡತದ ಮೇಲೆಯೇ ಬರೆದುಬಿಡುತ್ತದೆ. ಮೊದಲು ಪ್ರತಿ ಮಾಡಿಟ್ಟುಕೊಳ್ಳಿ. ನಾನು ಒಂದು ಮದುವೆಯ ಚಿತ್ರಗಳನ್ನೆಲ್ಲ ಅಂಚೆಚೀಟಿ ಗಾತ್ರಕ್ಕೆ ತಂದು ಕಲಿತ ಪಾಠ ಇದು. ಚಿತ್ರದೊಳಗೆ ಅಡಗಿರುವ ಮಾಹಿತಿಯನ್ನೂ ತೆಗೆದುಹಾಕಿ. ಎಲ್ಲಿ ತೆಗೆದದ್ದು ಎಂಬ ಅಕ್ಷಾಂಶ, ರೇಖಾಂಶ ಕೂಡ ಅದರಲ್ಲಿರಬಹುದು, ಅದನ್ನು ಜಗತ್ತಿಗೆ ಹಂಚಬೇಕಿಲ್ಲ. ಆದರೆ ತೆಗೆಯುವ ಮೊದಲು ಚಿತ್ರವನ್ನು ನೇರ ನಿಲ್ಲಿಸುವ ‘ಆಟೋ ಓರಿಯೆಂಟ್’ ಆಯ್ಕೆ ಕೊಡಿ. ಯಾವ ಬದಿ ಮೇಲೆ ಎಂಬುದೂ ಆ ಮಾಹಿತಿಯಲ್ಲೇ ಇರುವುದರಿಂದ, ಅದಿಲ್ಲದಿದ್ದರೆ ಅರ್ಧ ಗಡಿಯಾರಗಳು ಅಡ್ಡ ಮಲಗುತ್ತವೆ.

ಬೇಸರದ ಬೆಕ್ಕು (ಮಂಗಳವಾರ, ಸಂಜೆ 4:00)

ಇಷ್ಟೆಲ್ಲ ಬೇಡ. ಪಾರಿವಾಳ ಸಾಕಿ. 2009ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಒಂದು ಪಾರಿವಾಳ ಕಾಲಿಗೆ 4 ಜಿಬಿ ಮೆಮೊರಿ ಕಟ್ಟಿಸಿಕೊಂಡು ಸುಮಾರು 80 ಕಿಲೋಮೀಟರ್ ಹಾರಿತು. ಅದು ತಲುಪಿ, ಮಾಹಿತಿಯನ್ನು ಕಂಪ್ಯೂಟರಿಗೆ ಇಳಿಸಿಕೊಂಡದ್ದೂ ಸೇರಿ ಎರಡು ಗಂಟೆಯ ಆಸುಪಾಸು. ಅಷ್ಟು ಹೊತ್ತಿಗೆ ತಂತಿಯ ಮೂಲಕ ಹೋದದ್ದು ಶೇ. 4.

ತಂತಿಪಾಲಕ (ಮಂಗಳವಾರ, ಸಂಜೆ 4:22)

ನೀವು ತಮಾಷೆಗೆ ಹೇಳಿದ್ದರೂ ಮಾತು ಸುಳ್ಳಲ್ಲ. ನೂರಾರು ಜಿಬಿ ಇದ್ದರೆ ಡಿಸ್ಕನ್ನು ಜೇಬಿನಲ್ಲಿಟ್ಟುಕೊಂಡು ವೇಗದ ಸಂಪರ್ಕವಿರುವ ಗೆಳೆಯನ ಮನೆಗೆ ಹೋಗುವುದೇ ಸರಿ. ಇವರದು 115 ಎಂಬಿಗೆ ಇಳಿದಿದೆ. ಪಾರಿವಾಳಕ್ಕೆ ರಜೆ ಕೊಡಿ.

ಅರೆಬೆಳಕು (ಮಂಗಳವಾರ, ಸಂಜೆ 6:10)

ಕಡತಗಳ ಬದಲಾವಣೆಗಳ ದಾಖಲೆ ಇಡುವ ಗಿಟ್ ಬಳಸಿ ಎನ್ನುತ್ತೇನೆ. ಬದಲಾದದ್ದಷ್ಟೇ ಹೋಗುತ್ತದೆ. ಇಲ್ಲವಾದರೆ ಆರ್‌ಸಿಂಕ್. ನಾನು ವರ್ಷಗಳಿಂದ ಎಫ್‌ಟಿಪಿ ಮುಟ್ಟಿಲ್ಲ.

ತಂತಿಪಾಲಕ (ಮಂಗಳವಾರ, ರಾತ್ರಿ 8:00)

ಆರ್‌ಸಿಂಕ್ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. 1996ರಲ್ಲಿ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕೆರಸ್ ಬರೆದ ತಂತ್ರಾಂಶ. ಕಡತವನ್ನು ತುಂಡುಗಳಾಗಿ ನೋಡಿ, ಆ ಕಡೆ ಈಗಾಗಲೇ ಇರುವ ತುಂಡುಗಳನ್ನು ಬಿಟ್ಟು ಉಳಿದವನ್ನು ಮಾತ್ರ ಕಳಿಸುತ್ತದೆ. ನಿಧಾನದ ತಂತಿಗೆಂದೇ ಹುಟ್ಟಿದ ಯೋಚನೆ ಅದು. ‘ಪಾರ್ಶಿಯಲ್’ ಆಯ್ಕೆ ಕೊಟ್ಟರೆ ಅರ್ಧಕ್ಕೆ ನಿಂತದ್ದನ್ನು ಎಸೆಯದೆ ಉಳಿಸಿಕೊಳ್ಳುತ್ತದೆ.

ಗಿಟ್ ವಿಷಯದಲ್ಲಿ ಮಾತ್ರ ಸ್ವಲ್ಪ ತಡೆಯಿರಿ. ಬದಲಾದದ್ದಷ್ಟೇ ಹೋಗುತ್ತದೆ ಎಂಬುದು ನಿಜ. ಆದರೆ ಕಳಿಸುತ್ತಿರುವಾಗ ಸಂಪರ್ಕ ಕಡಿದರೆ ನಿಂತಲ್ಲಿಂದ ಮುಂದುವರಿಯುವ ದಾರಿ ಅದಕ್ಕಿಲ್ಲ, ಆ ಕಂತು ಮೊದಲಿನಿಂದ ಹೋಗಬೇಕು. ಚಿತ್ರಗಳನ್ನೆಲ್ಲ ಒಂದೇ ಕಂತಿನಲ್ಲಿ ತುರುಕಿದರೆ ಮತ್ತೆ ಅದೇ ಶೇ. 61ರ ಕಥೆ. ಐವತ್ತೈವತ್ತು ಚಿತ್ರಗಳ ಕಂತು ಮಾಡಿ ಒಂದೊಂದಾಗಿ ತಳ್ಳಬೇಕು.

ಲೋಲಕರೇ, ನಿಮ್ಮ ಸರ್ವರಿನಲ್ಲಿ ಎಸ್‌ಎಸ್‌ಎಚ್ ಪ್ರವೇಶ, ಅಂದರೆ ದೂರದಿಂದಲೇ ಅದಕ್ಕೆ ಆದೇಶ ಕೊಡುವ ದಾರಿ ಇದೆಯೇ?

ಲೋಲಕ (ಮಂಗಳವಾರ, ರಾತ್ರಿ 9:15)

ಇಲ್ಲ. ಎಫ್‌ಟಿಪಿ ಮತ್ತು ಬ್ರೌಸರಿನಲ್ಲಿ ತೆರೆಯುವ ಕಡತ ನಿರ್ವಾಹಕ, ಎರಡೇ. ಆದರೆ ಆ ನಿರ್ವಾಹಕದಲ್ಲಿ ಜಿಪ್ ಬಿಚ್ಚುವ ಗುಂಡಿ ಇದೆ. ಎಲ್ಲವನ್ನೂ ಒಂದು ಜಿಪ್ ಮಾಡಿ ಅಲ್ಲಿ ಬಿಚ್ಚಿದರೆ ಆಗುವುದಿಲ್ಲವೇ?

ತಂತಿಪಾಲಕ (ಮಂಗಳವಾರ, ರಾತ್ರಿ 9:30)

ಖಂಡಿತ ಆಗುತ್ತದೆ. ಜೆಪೆಗ್ ಚಿತ್ರಗಳು ಮೊದಲೇ ಹಿಂಡಿದವು, ಜಿಪ್ ಮಾಡಿದರೆ ಗಾತ್ರ ಏನೂ ತಗ್ಗುವುದಿಲ್ಲ. ಆದರೆ 800 ಕಡತಗಳು ಒಂದಾಗುತ್ತವೆ, 800 ಸಲದ ಶಾಸ್ತ್ರ ಒಂದೇ ಸಲಕ್ಕೆ ಮುಗಿಯುತ್ತದೆ. ಲಾಭ ಅಲ್ಲಿದೆ.

ಆದರೆ ಆ ಜಿಪ್ಪನ್ನು ಬ್ರೌಸರಿನ ಮೂಲಕ ಏರಿಸಬೇಡಿ. ಅಲ್ಲಿ ಶೇ. 97ಕ್ಕೆ ಕಡಿದರೂ ಸಾಮಾನ್ಯವಾಗಿ ಎಲ್ಲವೂ ಸೊನ್ನೆ. ಜೊತೆಗೆ ಸರ್ವರಿನ ಮಿತಿಗಳ ಕಾಟ ಬೇರೆ. ಅನೇಕ ಸರ್ವರುಗಳಲ್ಲಿ ಓಡುವ ಪಿಎಚ್‌ಪಿ ಭಾಷೆಯಲ್ಲಿ ಒಂದು ಕಡತಕ್ಕೆ ಇರುವ ಮೂಲ ಮಿತಿ 2 ಎಂಬಿ, ಯಾರಾದರೂ ಹೆಚ್ಚಿಸಿದ್ದರೆ ಮಾತ್ರ ದೊಡ್ಡದು ಹೋಗುತ್ತದೆ. ಎಫ್‌ಟಿಪಿಯಲ್ಲಿ ಕಳಿಸಿ, ಕಡಿದರೆ ‘ಮುಂದುವರಿಸು’ ಒತ್ತಿ. ನೀವು ಎರಡನೆಯ ರಾತ್ರಿ ಒತ್ತಿದ್ದು ‘ಮೇಲೆ ಬರೆ’ ಇರಬೇಕು, ಅದಕ್ಕೇ ಮೊದಲಿನಿಂದ ಶುರುವಾಯಿತು. ಬಿಚ್ಚಿದ ಮೇಲೆ ಜಿಪ್ಪನ್ನು ಅಲ್ಲಿಂದ ಅಳಿಸಲು ಮರೆಯಬೇಡಿ. ಹೆಸರು ಊಹಿಸಿದ ಯಾರಾದರೂ ಅದನ್ನು ಇಳಿಸಿಕೊಳ್ಳಬಹುದು.

ಇನ್ನೊಂದು ಮಾತು. ಬರೀ ಎಫ್‌ಟಿಪಿ ಗುಪ್ತಪದವನ್ನು ಬಿಚ್ಚಿಟ್ಟೇ ಕಳಿಸುತ್ತದೆ. ನಿಮ್ಮ ಸರ್ವರು ಟಿಎಲ್‌ಎಸ್ (ಗುಪ್ತಲಿಪಿಯ ರಕ್ಷಣೆ) ಸಹಿತ ಎಫ್‌ಟಿಪಿ ಕೊಡುತ್ತದೆಯೇ ನೋಡಿ, ಬಹುತೇಕ ಕೊಡುತ್ತವೆ.

ಲೋಲಕ (ಬುಧವಾರ, ರಾತ್ರಿ 10:50)

ಇಂದು ಮನೆಯಲ್ಲಿ ಜಗಳವಾಯಿತು. ಜಿಪ್ ಕಳಿಸಲು ಹಚ್ಚಿದ ಐದು ನಿಮಿಷಕ್ಕೆ ಮಗಳ ವಿಡಿಯೊ ತರಗತಿ ನಿಂತಿತು, ಯಾರ ಮೊಬೈಲಿನಲ್ಲೂ ಏನೂ ತೆರೆಯದಾಯಿತು. ಅವರೆಲ್ಲ ಡೌನ್‌ಲೋಡ್ ಮಾಡುವವರು, ನಾನು ಅಪ್‌ಲೋಡ್ ಮಾಡುವವನು. ನನ್ನ ಕೆಲಸ ಅವರಿಗೆ ಅಡ್ಡಬರುವುದು ಹೇಗೆ? ಪಿಂಗ್ ನೋಡಿದರೆ 280 ಇದ್ದದ್ದು 2,700 ಆಗಿತ್ತು. ನಿಲ್ಲಿಸಬೇಕಾಯಿತು.

ತಂತಿಪಾಲಕ (ಬುಧವಾರ, ರಾತ್ರಿ 11:20)

ಇದಕ್ಕೆ ಹೆಸರಿದೆ, ಬಫರ್‌ಬ್ಲೋಟ್. ಜಿಮ್ ಗೆಟಿಸ್ ಎಂಬ ತಂತ್ರಜ್ಞರು ತಮ್ಮ ಮನೆಯ ಸಂಪರ್ಕದಲ್ಲಿ ಇದನ್ನೇ ಕಂಡು ಬೆನ್ನುಹತ್ತಿ, 2010ರ ಹೊತ್ತಿಗೆ ಎಲ್ಲರ ಗಮನಕ್ಕೆ ತಂದರು.

ನಿಮ್ಮ ಮೋಡೆಮ್ಮಿನಲ್ಲಿ ಹೊರಹೋಗುವ ಪ್ಯಾಕೆಟ್‌ಗಳು (ಮಾಹಿತಿಯ ಪುಟ್ಟ ತುಂಡುಗಳು) ಸಾಲು ನಿಲ್ಲುವ ಒಂದು ಜಾಗವಿದೆ. ಅದು 256 ಕೆಬಿ ಎಂದುಕೊಳ್ಳಿ. ಸೆಕೆಂಡಿಗೆ 100 ಕೆಬಿ ಹೊರಹೋಗುವ ಬಾಗಿಲಿನಲ್ಲಿ ತುಂಬಿದ ಸಾಲು ಕರಗಲು ಎರಡೂವರೆ ಸೆಕೆಂಡು ಬೇಕು. ನಿಮ್ಮ ಜಿಪ್ ಆ ಸಾಲನ್ನು ಸದಾ ತುಂಬಿಟ್ಟಿರುತ್ತದೆ. ಮಗಳ ತರಗತಿ ಕೆಳಗೆ ಬರುವುದೇನೋ ನಿಜ, ಆದರೆ ‘ಇಲ್ಲಿಯವರೆಗೆ ತಲುಪಿತು, ಮುಂದಿನದು ಕಳಿಸು’ ಎಂಬ ಪುಟ್ಟ ಸ್ವೀಕೃತಿಗಳು, ಅವಳ ಧ್ವನಿ, ಮುಂದಿನ ಪುಟಕ್ಕೆ ಬೇಡಿಕೆ ಎಲ್ಲವೂ ಮೇಲೆ ಹೋಗಬೇಕಲ್ಲ? ಅವೆಲ್ಲ ನಿಮ್ಮ ಗಡಿಯಾರಗಳ ಹಿಂದೆ ಸಾಲಿನಲ್ಲಿ ನಿಂತಿವೆ. 280ಕ್ಕೆ ಎರಡೂವರೆ ಸೆಕೆಂಡು ಕೂಡಿಸಿ ನೋಡಿ, ನಿಮ್ಮ 2,700 ಎಲ್ಲಿಂದ ಬಂತೆಂದು ತಿಳಿಯುತ್ತದೆ.

ಮದ್ದು ಸುಲಭ. ಎಫ್‌ಟಿಪಿ ತಂತ್ರಾಂಶದಲ್ಲಿ ವೇಗದ ಮಿತಿ ಹಾಕುವ ಜಾಗವಿದೆ. ಸೆಕೆಂಡಿಗೆ 80 ಕೆಬಿ ಎಂದು ಬರೆಯಿರಿ. ಇಪ್ಪತ್ತು ನಿಮಿಷದ್ದು ಇಪ್ಪತ್ತೈದಾಗುತ್ತದೆ, ಸಾಲು ಮಾತ್ರ ಕಟ್ಟುವುದೇ ಇಲ್ಲ. ರೂಟರಿನಲ್ಲಿ ‘ಎಫ್‌ಕ್ಯೂ ಕೋಡೆಲ್’ ಅಥವಾ ‘ಕೇಕ್’ ಎಂಬ ಆಯ್ಕೆ ಕಂಡರೆ ಅದನ್ನು ಹಚ್ಚಿ. ಸಾಲಿನಲ್ಲಿ ಎಲ್ಲರಿಗೂ ಸರದಿ ಕೊಡುವ ವ್ಯವಸ್ಥೆ ಅದು. ಇದರ ಹಿಂದಿನ ಕೋಡೆಲ್ ವಿಧಾನವನ್ನು ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ 2012ರಲ್ಲಿ ಪ್ರಕಟಿಸಿದರು.

ಅರೆಬೆಳಕು (ಗುರುವಾರ, ಬೆಳಿಗ್ಗೆ 7:45)

ಈ ಮಿತಿ ಹಾಕುವ ಉಪಾಯ ನನಗೂ ಹೊಸದು. ಇಷ್ಟು ದಿನ ಸಂಪರ್ಕ ಕೊಟ್ಟವರನ್ನು ಬೈಯುತ್ತಿದ್ದೆ.

ತಂತಿಪಾಲಕ (ಗುರುವಾರ, ಬೆಳಿಗ್ಗೆ 8:00)

ಬೈಯುವುದನ್ನು ಪೂರ್ತಿ ಬಿಡಬೇಕಾಗಿಲ್ಲ.

ಲೋಲಕ (ಗುರುವಾರ, ರಾತ್ರಿ 9:40)

ಜಿಪ್ ಹೋಯಿತು, ಆದರೆ ಬಿಚ್ಚುವುದಿಲ್ಲ! ‘ಸಿಆರ್‌ಸಿ ದೋಷ’ ಎನ್ನುತ್ತದೆ. ನನ್ನ ಕಂಪ್ಯೂಟರಿನಲ್ಲಿ ಅದೇ ಜಿಪ್ ಸರಿಯಾಗಿ ತೆರೆಯುತ್ತದೆ. ಬುಧವಾರ ಅರ್ಧ ಹೋಗಿತ್ತಲ್ಲ, ಇಂದು ಬೆಳಿಗ್ಗೆ ಕೆಲವು ಚಿತ್ರಗಳನ್ನು ಇನ್ನಷ್ಟು ಕತ್ತರಿಸಿ, ಜಿಪ್ಪನ್ನು ಹೊಸದಾಗಿ ಕಟ್ಟಿ, ‘ಮುಂದುವರಿಸು’ ಒತ್ತಿದೆ. ಬೇಗ ಮುಗಿಯಿತೆಂದು ಸಂತೋಷವೂ ಪಟ್ಟೆ.

ತಂತಿಪಾಲಕ (ಗುರುವಾರ, ರಾತ್ರಿ 9:48)

ಬುಧವಾರದ ತಲೆಗೆ ಗುರುವಾರದ ಮುಂಡ ಅಂಟಿಸಿದ್ದೀರಿ. ‘ಮುಂದುವರಿಸು’ ಎಂದರೆ ಎಫ್‌ಟಿಪಿ ನೋಡುವುದು ಒಂದನ್ನೇ: ಅಲ್ಲಿ ಎಷ್ಟು ಬೈಟ್ ಇದೆ? ಇಲ್ಲಿ ಅದರ ಮುಂದಿನಿಂದ ಕಳಿಸು. ಒಳಗಿನ ಸರಕು ಅದೇ ಹೌದೋ ಅಲ್ಲವೋ ಅದಕ್ಕೆ ಬೇಕಿಲ್ಲ. ಜಿಪ್ಪು ಪ್ರತಿ ಕಡತದ ಜೊತೆ ಒಂದು ತಾಳೆ ಸಂಖ್ಯೆ (ಅದೇ ಸಿಆರ್‌ಸಿ) ಇಟ್ಟುಕೊಂಡಿರುವುದರಿಂದ ಕನಿಷ್ಠ ನಿಮಗೆ ಗೊತ್ತಾಯಿತು. ಬಿಡಿ ಚಿತ್ರಗಳಾಗಿದ್ದರೆ ಮೇಲರ್ಧ ಗಡಿಯಾರ, ಕೆಳಗರ್ಧ ಬೂದು ಬಣ್ಣ ಬಂದು ಓದುಗರೇ ಹೇಳಬೇಕಾಗುತ್ತಿತ್ತು.

ಜಿಪ್ಪಿನ ಹೆಸರಿನಲ್ಲಿ ದಿನಾಂಕ, ಗಂಟೆ ಸೇರಿಸಿ. ಹೊಸದಾಗಿ ಕಟ್ಟಿದರೆ ಹೊಸ ಹೆಸರು, ಹಳೆಯದರ ಮೇಲೆ ಮುಂದುವರಿಸುವ ಪ್ರಶ್ನೆಯೇ ಬರುವುದಿಲ್ಲ. ಒಂದೇ ದೊಡ್ಡದರ ಬದಲು ಹತ್ತು ಹನ್ನೆರಡು ಬಿಡಿ ಜಿಪ್‌ಗಳನ್ನು ಮಾಡಿದರೆ ಇನ್ನೂ ಉತ್ತಮ. ಒಂದು ಕೆಟ್ಟರೆ ಹತ್ತು ಎಂಬಿ ಮಾತ್ರ ಕೆಡುತ್ತದೆ.

ಸಣ್ಣಕಿಟಕಿ (ಶುಕ್ರವಾರ, ಬೆಳಿಗ್ಗೆ 11:00)

ಮಧ್ಯೆ ಬರುತ್ತಿದ್ದೇನೆ, ಕ್ಷಮಿಸಿ. ನನ್ನ ಕಷ್ಟ ಇದಕ್ಕೆ ಹತ್ತಿರದ್ದು, ಆದರೆ ವಿಚಿತ್ರ. ಪುಟ್ಟ ಕಡತಗಳು ಚಿಟಿಕೆ ಹೊಡೆಯುವಷ್ಟರಲ್ಲಿ ಹೋಗುತ್ತವೆ. ತುಸು ದೊಡ್ಡದಾದರೆ ಸೊನ್ನೆಯಲ್ಲೇ ನಿಂತು, ಕೊನೆಗೆ ಸಮಯ ಮೀರಿತು ಎನ್ನುತ್ತದೆ. ನಿಧಾನವಲ್ಲ, ಸಂಪೂರ್ಣ ಸ್ತಬ್ಧ.

ತಂತಿಪಾಲಕ (ಶುಕ್ರವಾರ, ಮಧ್ಯಾಹ್ನ 12:15)

ನಿಮ್ಮದು ಪಿಪಿಪಿಒಇ ಮೂಲಕ ಲಾಗಿನ್ ಆಗುವ ಸಂಪರ್ಕವೇ? ಹಾಗಿದ್ದರೆ ನನ್ನ ಅನುಮಾನ ಎಂಟಿಯು, ಅಂದರೆ ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರದ ಮೇಲೆ. ಈಥರ್ನೆಟ್ಟಿನಲ್ಲಿ ಒಂದು ಪ್ಯಾಕೆಟ್ 1500 ಬೈಟ್ ಇರಬಹುದು, ಪಿಪಿಪಿಒಇ ಅದರಲ್ಲಿ 8 ಬೈಟ್ ತನಗೆ ಇಟ್ಟುಕೊಳ್ಳುತ್ತದೆ, ಉಳಿಯುವುದು 1492. ದೊಡ್ಡ ಪ್ಯಾಕೆಟ್ ದಾರಿಯಲ್ಲಿ ಹಿಡಿಸದಿದ್ದಾಗ ‘ಚಿಕ್ಕದು ಮಾಡಿ ಕಳಿಸು’ ಎಂಬ ಸಂದೇಶ ವಾಪಸು ಬರಬೇಕು. ಭದ್ರತೆಯ ಹೆಸರಿನಲ್ಲಿ ಯಾರೋ ಆ ಸಂದೇಶಗಳನ್ನೇ ತಡೆದಿದ್ದರೆ ದೊಡ್ಡ ಪ್ಯಾಕೆಟ್‌ಗಳು ಸದ್ದಿಲ್ಲದೆ ಮಾಯವಾಗುತ್ತವೆ. ಪುಟ್ಟವು ನುಸುಳಿಕೊಂಡು ಹೋಗುತ್ತವೆ. ನೀವು ಹೇಳಿದ ಲಕ್ಷಣವೇ ಅದು. ರೂಟರಿನಲ್ಲಿ ಎಂಟಿಯು 1400 ಎಂದು ಇಟ್ಟು ನೋಡಿ, ಸರಿಹೋದರೆ ಆಮೇಲೆ ನಿಧಾನವಾಗಿ ಏರಿಸಿ.

ಸಣ್ಣಕಿಟಕಿ (ಶುಕ್ರವಾರ, ಮಧ್ಯಾಹ್ನ 12:50)

1400 ಇಟ್ಟೆ, ಹೋಯಿತು. ಮೂರು ವಾರ! ಏನು ಹೇಳಲಿ ನಿಮಗೆ.

ಲೋಲಕ (ಶುಕ್ರವಾರ, ರಾತ್ರಿ 10:05)

ಹನ್ನೊಂದು ಜಿಪ್‌ಗಳಾಗಿ ಕಳಿಸಿದೆ. ನಡುವೆ ಎರಡು ಸಲ ಕಡಿಯಿತು, ಎರಡು ಸಲವೂ ನಿಂತಲ್ಲಿಂದ ಮುಂದುವರಿಯಿತು. ಮನೆಯಲ್ಲಿ ಯಾರಿಗೂ ಗೊತ್ತೇ ಆಗಲಿಲ್ಲ. ಎಲ್ಲ ಬಿಚ್ಚಿಕೊಂಡವು, ತಾಣ ತೆರೆಯಿತು!

ಆದರೆ 47 ಚಿತ್ರಗಳ ಜಾಗದಲ್ಲಿ ಮುರಿದ ಚೌಕ ಕಾಣುತ್ತಿದೆ. ನನ್ನ ಕಂಪ್ಯೂಟರಿನಲ್ಲಿ ಎಲ್ಲವೂ ಕಾಣುತ್ತವೆ. ಸರ್ವರಿನಲ್ಲೂ ಆ ಕಡತಗಳು ಇವೆ, ಕಣ್ಣಾರೆ ನೋಡಿದೆ. ಮತ್ತೆ ಕಳಿಸಬೇಕೇ?

ಚುಕ್ಕಿಗೆರೆ (ಶುಕ್ರವಾರ, ರಾತ್ರಿ 10:20)

ಬೇಡ, ಬೇಡ! ಆ 47ರ ಹೆಸರಿನ ಬಾಲ ನೋಡಿ. ಹಳೆಯ ಕ್ಯಾಮೆರಾದಲ್ಲಿ ತೆಗೆದವಾಗಿದ್ದರೆ ‘ಜೆಪಿಜಿ’ ದೊಡ್ಡಕ್ಷರಗಳಲ್ಲಿರುತ್ತದೆ, ಪುಟದಲ್ಲಿ ನೀವು ಸಣ್ಣಕ್ಷರಗಳಲ್ಲಿ ಬರೆದಿರುತ್ತೀರಿ. ವಿಂಡೋಸ್ ಎರಡನ್ನೂ ಒಂದೇ ಎನ್ನುತ್ತದೆ, ಲಿನಕ್ಸ್ ಸರ್ವರಿಗೆ ಅವು ಬೇರೆ ಬೇರೆ. ಸರ್ವರಿನಲ್ಲೇ ಹೆಸರು ಬದಲಿಸಿ. ಎಫ್‌ಟಿಪಿಯಲ್ಲಿ ಅದಕ್ಕೆ ಆಜ್ಞೆ ಇದೆ, ಚಿತ್ರದ ಒಂದು ಬೈಟ್ ಕೂಡ ತಂತಿಯ ಮೇಲೆ ಹೋಗುವುದಿಲ್ಲ. ಹಾಗೆಯೇ ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಸರಿಸುವುದೂ ಅಲ್ಲಿಯೇ ಆಗುತ್ತದೆ.

ಲೋಲಕ (ಶುಕ್ರವಾರ, ರಾತ್ರಿ 11:10)

47ಕ್ಕೆ 47 ದೊಡ್ಡಕ್ಷರ. ಎಲ್ಲ ಬದಲಿಸಿದೆ, ಎಲ್ಲ ಕಾಣುತ್ತಿವೆ.

ಚುಕ್ಕಿಗೆರೆ (ಶನಿವಾರ, ಬೆಳಿಗ್ಗೆ 9:00)

ನಿಮ್ಮ ತಾಣ ನೋಡಿದೆ. ಗಡಿಯಾರದ ಎಸ್ಕೇಪ್ ಚಕ್ರ ಹೇಗೆ ಒಂದೊಂದೇ ಹಲ್ಲು ಬಿಡುತ್ತದೆ ಎಂಬ ಪುಟವನ್ನು ಎರಡು ಸಲ ಓದಿದೆ. ಆದರೆ ಮುಖಪುಟ ತೆರೆಯಲು ಬಹಳ ಹೊತ್ತು ಹಿಡಿಯಿತು. ಅರುವತ್ತು ಚಿತ್ರಗಳನ್ನು ಒಟ್ಟಿಗೆ ಇಟ್ಟಿದ್ದೀರಿ. ಪರದೆಯಾಚೆ ಇರುವವಕ್ಕೆ ‘ಲೋಡಿಂಗ್ ಲೇಜಿ’ ಎಂಬ ಗುಣ ಸೇರಿಸಿ, ಓದುಗ ಹತ್ತಿರ ಬಂದಾಗ ಮಾತ್ರ ಇಳಿಯುತ್ತವೆ.

ಇನ್ನೊಂದು, ಕನ್ನಡ ಅಕ್ಷರ ವಿನ್ಯಾಸದ ಆರು ತೂಕಗಳನ್ನು (ತೆಳು, ದಪ್ಪ ಬಗೆಗಳನ್ನು) ಹಾಕಿದ್ದೀರಿ, ಬಳಸಿರುವುದು ಎರಡೇ. ನಾಲ್ಕನ್ನು ತೆಗೆಯಿರಿ, ಉಳಿದ ಎರಡನ್ನು ‘ವಾಫ್2’ ಎಂಬ ಹಿಂಡಿದ ರೂಪಕ್ಕೆ ತನ್ನಿ. ಬೇಡದ ಅಕ್ಷರಗಳನ್ನು ಕತ್ತರಿಸಿ ಇನ್ನೂ ಚಿಕ್ಕದು ಮಾಡುವ ಆಸೆ ಬಂದರೆ ಹುಷಾರು. ಇಂಗ್ಲಿಷಿನಲ್ಲಿ ಮಾಡಿದಂತೆ ಬಳಸಿದ ಅಕ್ಷರಗಳ ಪಟ್ಟಿ ಕೊಟ್ಟು ಕತ್ತರಿಸಿದರೆ ಕನ್ನಡ ಕೆಡಬಹುದು. ಒತ್ತಕ್ಷರಗಳಿಗೆ ಯೂನಿಕೋಡಿನಲ್ಲಿ ಪ್ರತ್ಯೇಕ ಸಂಕೇತವಿಲ್ಲ. ‘ಸ್ತ್ರೀ’ ಎಂಬುದು ಆರು ಸಂಕೇತಗಳ ಸಾಲು, ಅದನ್ನು ಒಂದು ರೂಪಕ್ಕೆ ಹೆಣೆಯುವ ನಿಯಮಗಳು ಅಕ್ಷರ ವಿನ್ಯಾಸದ ಕಡತದೊಳಗೆ ಇರುತ್ತವೆ. ಅವನ್ನು ಕತ್ತರಿಸಿಬಿಟ್ಟರೆ ಪುಟದ ತುಂಬ ಅರ್ಕಾವೊತ್ತು ಕಳೆದುಕೊಂಡ ಪದಗಳು.

ಅರೆಬೆಳಕು (ಶನಿವಾರ, ಬೆಳಿಗ್ಗೆ 9:30)

‘ಸ್ತ್ರೀ’ ಆರು ಸಂಕೇತವೇ? ಯುಟಿಎಫ್-8 ಸಂಕೇತ ಪದ್ಧತಿಯಲ್ಲಿ ಕನ್ನಡದ ಒಂದೊಂದಕ್ಕೂ ಮೂರು ಬೈಟ್, ಅಂದರೆ ಒಂದು ಅಕ್ಷರಕ್ಕೆ 18. ಕನ್ನಡದಲ್ಲಿ ಬರೆಯುವುದೇ ಈ ತಂತಿಗೆ ಭಾರ ಅನ್ನಿ.

ಚುಕ್ಕಿಗೆರೆ (ಶನಿವಾರ, ಬೆಳಿಗ್ಗೆ 9:42)

ಆ ಕೊರಗು ಬೇಡ. ಅದೇ ಅಕ್ಷರಗಳು ಮರಳಿ ಮರಳಿ ಬರುವುದರಿಂದ ಸರ್ವರಿನ ಜಿಜಿಪ್ ಅವನ್ನು ಚೆನ್ನಾಗಿ ಹಿಂಡುತ್ತದೆ. ಲೋಲಕರ ಬರಹವೆಲ್ಲ ಸೇರಿದರೂ ಅವರ ಒಂದು ಹಳೆಯ ಚಿತ್ರದಷ್ಟು ತೂಗುವುದಿಲ್ಲ.

ಲೋಲಕ (ಭಾನುವಾರ, ಸಂಜೆ 5:20)

ಇಂದು ಹೊಸ ಪುಟವೊಂದನ್ನು ಸೇರಿಸಿದೆ, ಐದು ಚಿತ್ರಗಳ ಸಮೇತ. ಮೊದಲು ಚಿತ್ರಗಳನ್ನು ಕಳಿಸಿ, ಅವೆಲ್ಲ ಸೇರಿದ ಮೇಲೆ ಪುಟವನ್ನು ಕಳಿಸಿದೆ. ಹಿಂದೆ ಪುಟ ಮೊದಲು ಹೋಗಿ, ಚಿತ್ರಗಳು ದಾರಿಯಲ್ಲಿದ್ದಾಗ ಬಂದವರಿಗೆ ಮುರಿದ ಚೌಕಗಳೇ ಕಾಣುತ್ತಿದ್ದವು. ಒಟ್ಟು ಹಿಡಿದದ್ದು ಇಪ್ಪತ್ತು ಸೆಕೆಂಡು. ತಂತಿ ಅದೇ, 0.8 ಮೆಗಾಬಿಟ್.

ಬೇಸರದ ಬೆಕ್ಕು (ಭಾನುವಾರ, ಸಂಜೆ 6:00)

ಅಭಿನಂದನೆಗಳು. ಬಂದದ್ದಕ್ಕೆ ನನ್ನದೂ ಒಂದು ಪ್ರಶ್ನೆ. ನಮ್ಮ ಗೋಡೆ ಗಡಿಯಾರ ದಿನಕ್ಕೆ 11 ನಿಮಿಷ ಹಿಂದೆ ಬೀಳುತ್ತದೆ. ಹೊಸದು ತೆಗೆದುಕೊಳ್ಳುವುದೇ ಒಳ್ಳೆಯದಲ್ಲವೇ?

ಲೋಲಕ (ಭಾನುವಾರ, ಸಂಜೆ 6:12)

ನೀವು ಎಲ್ಲದಕ್ಕೂ ಹೊಸದು ತೆಗೆದುಕೊಳ್ಳಿ ಎನ್ನುತ್ತೀರಿ. ಲೋಲಕದ ಗುಂಡಿನ ಕೆಳಗೆ ಒಂದು ತಿರುಪು ಇರುತ್ತದೆ, ಅದನ್ನು ತಿರುಗಿಸಿ ಗುಂಡನ್ನು ಸ್ವಲ್ಪ ಮೇಲೇರಿಸಿ. ದಿನಕ್ಕೆ 11 ನಿಮಿಷವೆಂದರೆ ಲೋಲಕದ ಉದ್ದ ಶೇ. 1.5ರಷ್ಟು ಕಡಿಮೆಯಾಗಬೇಕು. 25 ಸೆಂಟಿಮೀಟರಿನದಾದರೆ ನಾಲ್ಕು ಮಿಲಿಮೀಟರಿಗೂ ಕಡಿಮೆ. ಒಂದು ದಿನ ಓಡಿಸಿ ನೋಡಿ, ಮತ್ತೆ ತಿರುಗಿಸಿ. ಚಿತ್ರ ಸಹಿತ ವಿವರ ತಾಣದಲ್ಲಿದೆ, ಆ ಪುಟ ಈಗ ತೆರೆಯುತ್ತದೆ.